ಸೀತೂರಿನ ಮಳೆಯಲ್ಲಿ ನಾಲ್ಕು ದಿನ: ಮಕ್ಕಳ ಜೊತೆ ಜಲಚಕ್ರ ಹುಡುಕುತ್ತಾ

ಪ್ರವಾಸಿ ತಾಣಗಳ ಪಟ್ಟಿಯಲ್ಲಿ ಸೀತೂರಿನ ಹೆಸರು ಸಿಗುವುದು ಅಪರೂಪ. ಶೃಂಗೇರಿ, ಹೊರನಾಡು, ಕಳಸ, ಆಗುಂಬೆ ಅಂತ ಎಲ್ಲರೂ ಹೋಗ್ತಾರೆ. ಕೊಪ್ಪ, ನರಸಿಂಹರಾಜಪುರದ ಕಡೆಯ ಹಳ್ಳಿಗಳು ಮಾತ್ರ ಬಸ್ಸಿನ ಕಿಟಕಿಯಾಚೆ ಹಸಿರಾಗಿ ಸರಿದು ಹೋಗುತ್ತವೆ. ಸೀತೂರು ಅಂಥದ್ದೊಂದು ಹಳ್ಳಿ, ನರಸಿಂಹರಾಜಪುರ ತಾಲ್ಲೂಕಿನದು. ನನ್ನ ತವರು. ಅಡಿಕೆ ತೋಟ, ನಾಲ್ಕು ಗದ್ದೆ, ಮನೆ ಹಿಂದೆ ಏರುವ ಗುಡ್ಡ, ಗುಡ್ಡದ ಮೇಲೆ ಕಾನು. ನೋಡೋಕೆ ಇಷ್ಟೇ.

ಆದರೆ ಮಕ್ಕಳಿಗೆ ನೀರಿನ ಬಗ್ಗೆ ಹೇಳಿಕೊಡಬೇಕು ಅಂದರೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಅದಕ್ಕೆ ಜುಲೈ ಕೊನೆಯ ವಾರ ಎರಡು ದಿನ ರಜೆ ಹಾಕಿ, ಶನಿವಾರ ಭಾನುವಾರ ಸೇರಿಸಿ, ನಾಲ್ಕನೇ ಕ್ಲಾಸಿನ ಮಗಳನ್ನೂ ಆರನೇ ಕ್ಲಾಸಿನ ಅಕ್ಕನ ಮಗನನ್ನೂ ಕರೆದುಕೊಂಡು ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿದೆ. ಬೆಳಿಗ್ಗೆ ಕೊಪ್ಪದಲ್ಲಿ ಇಳಿದಾಗ ಮಳೆ ಹನಿಯುತ್ತಿರಲಿಲ್ಲ, ಸುರಿಯುತ್ತಿತ್ತು. ಊರಿನಲ್ಲಿರುವ ಅಣ್ಣನ ಮಗಳಿಗೆ ಅವತ್ತು ಮಳೆ ರಜೆ. ಜಿಲ್ಲಾಧಿಕಾರಿ ಹಿಂದಿನ ಸಂಜೆಯೇ ಘೋಷಿಸಿಬಿಟ್ಟಿದ್ದರು. ಮಳೆ ಬಂತು ಅಂತ ಶಾಲೆಗೆ ರಜೆ ಕೊಡ್ತಾರೆ ಅನ್ನೋದೇ ನನ್ನ ಮಗಳಿಗೆ ಮೊದಲ ಆಶ್ಚರ್ಯ.

ಪುಸ್ತಕದ ಚಿತ್ರ, ಮಗಳ ಪ್ರಶ್ನೆ

ಜಲಚಕ್ರದ ಚಿತ್ರ ನಿಮಗೂ ನೆನಪಿರುತ್ತೆ. ಎಡಗಡೆ ಸಮುದ್ರ, ಮೇಲೆ ನಗುವ ಸೂರ್ಯ, ನಡುವೆ ಹತ್ತಿಯಂಥ ಮೋಡ, ಬಲಗಡೆ ಬೆಟ್ಟ, ಬೆಟ್ಟದಿಂದ ಇಳಿದು ಬರುವ ನದಿ. ನಾಲ್ಕು ಬಾಣದ ಗುರುತು: ಆವಿಯಾಗುವಿಕೆ, ಸಾಂದ್ರೀಕರಣ, ಮಳೆ, ಹರಿವು. ಪರೀಕ್ಷೆಗೆ ಐದು ಅಂಕ.

ನನ್ನ ಮಗಳು ಈ ಚಿತ್ರ ಬಾಯಿಪಾಠ ಮಾಡಿ, ಬಣ್ಣ ತುಂಬಿ, ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. “ಅಮ್ಮಾ, ಇದ್ರಲ್ಲಿ ಟ್ಯಾಂಕರ್ ಎಲ್ಲಿದೆ?”

2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿದ್ದ ಮಗುವಿಗೆ ಈ ಪ್ರಶ್ನೆ ಬರದೇ ಇದ್ದರೆ ಆಶ್ಚರ್ಯ. ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ಒಣಗಿ, ವಾಟ್ಸ್ಯಾಪ್ ಗ್ರೂಪಿನಲ್ಲಿ ದಿನಾ ಟ್ಯಾಂಕರ್‌ನದ್ದೇ ಮಾತು. ಅವಳು ಕಂಡ ನೀರು ನದಿಯಿಂದ ಬಂದದ್ದಲ್ಲ, ಹಾರ್ನ್ ಹೊಡೆದುಕೊಂಡು ಬಂದದ್ದು.

ಈ ಪ್ರಶ್ನೆ ಅವಳೊಬ್ಬಳದ್ದೇ ಅಲ್ಲ ಅಂತ ಆಮೇಲೆ ಗೊತ್ತಾಯಿತು. 2019ರಲ್ಲಿ ‘ನೇಚರ್ ಜಿಯೋಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂದಿತ್ತು. ಬೇರೆ ಬೇರೆ ದೇಶಗಳ 450ಕ್ಕೂ ಹೆಚ್ಚು ಜಲಚಕ್ರದ ಚಿತ್ರಗಳನ್ನು ಒಟ್ಟು ಮಾಡಿ ನೋಡಿದರೆ, ನೂರರಲ್ಲಿ 85 ಚಿತ್ರಗಳಲ್ಲಿ ಮನುಷ್ಯ ನೀರಿಗೆ ಏನು ಮಾಡುತ್ತಾನೆ ಅನ್ನೋದೇ ಇರಲಿಲ್ಲ. ಅಣೆಕಟ್ಟು ಇಲ್ಲ, ಬೋರ್‌ವೆಲ್ ಇಲ್ಲ, ಗದ್ದೆ ಇಲ್ಲ, ಚರಂಡಿ ಇಲ್ಲ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ 2022ರಲ್ಲಿ ತನ್ನ ಹಳೆಯ ಚಿತ್ರವನ್ನು ಬದಲಿಸಿ, ಮನುಷ್ಯರನ್ನೂ ಸೇರಿಸಿ ಹೊಸದನ್ನು ಬರೆಸಿತು.

ನಮ್ಮ ನಾಲ್ಕು ದಿನದ ಕೆಲಸವೂ ಅದೇ ಆಯಿತು. ಸೀತೂರಿನಲ್ಲಿ ಕೂತು ಜಲಚಕ್ರದ ಚಿತ್ರ ಹೊಸದಾಗಿ ಬರೆಯೋದು.

ಎರಡು ಹೊಳೆಗಳ ನಡುವಿನ ನಾಡು

ಮೊದಲು ನಕ್ಷೆ. ಅಪ್ಪ ಜಗುಲಿಯ ಮೇಲೆ ಹಳೇ ಕ್ಯಾಲೆಂಡರಿನ ಹಿಂಬದಿ ಹರಡಿ, ಪೆನ್ಸಿಲ್ ತೆಗೆದುಕೊಂಡು ಕೂತರು. ಮೂರು ಮಕ್ಕಳು ಸುತ್ತ.

ನಮ್ಮದು ತುಂಗೆ ಮತ್ತು ಭದ್ರೆಯ ನಡುವಿನ ನಾಡು. ತುಂಗೆ ಶೃಂಗೇರಿ, ಹರಿಹರಪುರ ದಾಟಿ ತೀರ್ಥಹಳ್ಳಿಗೆ ಹೋಗುತ್ತಾಳೆ. ಭದ್ರೆ ಕುದುರೆಮುಖ, ಕಳಸ ಬಳಸಿ ಬಾಳೆಹೊನ್ನೂರಿಗೆ ಬರುತ್ತಾಳೆ. ಮುಂದೆ ಎನ್.ಆರ್.ಪುರದ ಹತ್ತಿರ ಹೊಳೆ ಹೊಳೆಯಾಗಿ ಉಳಿಯುವುದಿಲ್ಲ, ಲಕ್ಕವಳ್ಳಿ ಅಣೆಕಟ್ಟಿನ ಹಿನ್ನೀರಾಗಿ ಹರಡುತ್ತೆ. ಎರಡೂ ಹುಟ್ಟುವುದು ಕುದುರೆಮುಖದ ಕಾಡಿನ ಗಂಗಾಮೂಲದಲ್ಲಿ. ಅದೇ ಗಂಗಾಮೂಲವೇ ನೇತ್ರಾವತಿಗೂ ಮೂಲ ಅನ್ನುವುದು ವಾಡಿಕೆ. ನೇತ್ರಾವತಿ ಪಶ್ಚಿಮಕ್ಕೆ ಘಟ್ಟ ಇಳಿದು ಮಂಗಳೂರಿನಲ್ಲಿ ಅರಬ್ಬಿ ಸಮುದ್ರ ಸೇರುತ್ತಾಳೆ. ತುಂಗೆ, ಭದ್ರೆ ಪೂರ್ವಕ್ಕೆ ಹೊರಡುತ್ತಾರೆ. ಶಿವಮೊಗ್ಗದ ಹತ್ತಿರ ಕೂಡ್ಲಿಯಲ್ಲಿ ಇಬ್ಬರೂ ಒಂದಾಗಿ ತುಂಗಭದ್ರೆ. ಹರಿಹರ, ಹಂಪಿ, ಮಂತ್ರಾಲಯ, ಕರ್ನೂಲು ದಾಟಿ ಕೃಷ್ಣೆಯನ್ನು ಕೂಡಿ, ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡ ಎಲ್ಲ ಮುಗಿಸಿ ಬಂಗಾಳ ಕೊಲ್ಲಿ.

“ಅಂದ್ರೆ ನಮ್ಮ ಮನೆ ಮಳೆ ಬಂದಿದ್ದು ಆ ಸಮುದ್ರದಿಂದ, ಹೋಗೋದು ಈ ಸಮುದ್ರಕ್ಕಾ?” ಅಕ್ಕನ ಮಗ ಕೇಳಿದ.

ಹೌದು, ಪುಸ್ತಕದ ಚಿತ್ರದಲ್ಲಿ ಇಲ್ಲದ ಸಂಗತಿ ಇದೇ. ನಮ್ಮ ಊರಿನಿಂದ ಅರಬ್ಬಿ ಸಮುದ್ರ ಕಾಗೆ ಹಾರಿದ ಹಾಗೆ ಲೆಕ್ಕ ಹಾಕಿದರೆ ನೂರು ಕಿಲೋಮೀಟರ್ ಕೂಡ ಇಲ್ಲ. ಮುಂಗಾರಿನ ಗಾಳಿ ಆ ಸಮುದ್ರದಿಂದ, ಅದರಾಚೆಯ ಹಿಂದೂ ಮಹಾಸಾಗರದಿಂದ ತೇವ ಹೊತ್ತು ತರುತ್ತೆ. ಘಟ್ಟಕ್ಕೆ ಬಡಿದು ಮೇಲೇರುತ್ತೆ. ಏರಿದ ಗಾಳಿ ತಣ್ಣಗಾಗುತ್ತೆ, ತಣ್ಣಗಾದ ಗಾಳಿ ಅಷ್ಟು ಆವಿ ಹಿಡಿದುಕೊಳ್ಳಲಾರದೆ ಸುರಿಸಿಬಿಡುತ್ತೆ. ಹೀಗೆ ಬಿದ್ದ ಹನಿ ಮತ್ತೆ ಕಡಲು ಕಾಣಬೇಕಾದರೆ ಇಡೀ ಪರ್ಯಾಯ ದ್ವೀಪವನ್ನು ಅಡ್ಡ ದಾಟಬೇಕು.

“ನಮ್ಮ ಹಳ್ಳದ ನೀರು ತುಂಗೆಗೆ ಹೋಗುತ್ತಾ, ಭದ್ರೆಗೆ ಹೋಗುತ್ತಾ ಅಜ್ಜಾ?”

“ಯಾವ್ದಕ್ಕಾದ್ರೂ ಹೋಗ್ಲಿ ಮಾರಾಯ್ತಿ, ಕೂಡ್ಲೀಲಿ ಇಬ್ರೂ ಕೂಡ್ಲೇಬೇಕಲ್ಲ” ಅಂದರು ಅಪ್ಪ.

ಘಟ್ಟದ ಅಂಚಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,600 ಮಿಲಿಮೀಟರ್ ಆಸುಪಾಸು ಮಳೆ. ಪೂರ್ವಕ್ಕೆ ಬಂದ ಹಾಗೆ ಕಡಿಮೆಯಾಗುತ್ತಾ ಹೋಗಿ, ಚಿತ್ರದುರ್ಗ ಮುಟ್ಟುವಷ್ಟರಲ್ಲಿ ಅದರ ಹತ್ತನೇ ಒಂದು ಭಾಗವೂ ಉಳಿಯುವುದಿಲ್ಲ. ಅದಕ್ಕೇ ಬಯಲುಸೀಮೆಗೆ ಮಲೆನಾಡಿನ ಹೊಳೆ ಬೇಕು. ಮಕ್ಕಳು ನಕ್ಷೆಯಲ್ಲಿ ಘಟ್ಟದ ಎಡಗಡೆ ದಟ್ಟವಾಗಿ ಗೀಟು ಎಳೆದು, ಬಲಗಡೆಗೆ ಹೋದ ಹಾಗೆ ತೆಳುವಾಗಿಸಿದರು. ಮಳೆ ನೆರಳು ಅನ್ನುವ ಪದವನ್ನು ಇನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ಮೊದಲ ಪಾಠ ಬಚ್ಚಲುಮನೆಯಲ್ಲಿ

ಆವಿ ಮತ್ತು ಮೋಡದ ಪಾಠಕ್ಕೆ ಮಲೆನಾಡಿನ ಬಚ್ಚಲುಮನೆ ಸಾಕು. ಒಲೆಗೆ ಸೌದೆ ತುಂಬಿ, ಹಂಡೆ ನೀರು ಕಾಯಿಸಿ, ಬಾಗಿಲು ಹಾಕಿದರೆ ಐದು ನಿಮಿಷಕ್ಕೆ ಒಳಗೇ ಮೋಡ. ಮುಚ್ಚಳ ಎತ್ತಿ ತಿರುಗಿಸಿದರೆ ಅಡಿಯಲ್ಲಿ ಹನಿ ಸಾಲು. ತಣ್ಣನೆಯ ಹೆಂಚಿಗೆ ತಾಗಿದ ಆವಿ ಹನಿಯಾಗಿ ಬೆನ್ನ ಮೇಲೆ ಬಿತ್ತು. “ಮಳೆ!” ಅಂತ ಕಿರುಚಾಟ.

ಇಲ್ಲಿ ಇನ್ನೊಂದು ಪಾಠ ಬಿಟ್ಟಿ ಸಿಗುತ್ತೆ. ಬೆಂಗಳೂರಿನ ಬಾಲ್ಕನಿಯಲ್ಲಿ ಏಪ್ರಿಲ್ ತಿಂಗಳು ಹರಡಿದ ಟೀ ಶರ್ಟ್ ಎರಡು ಗಂಟೆಯಲ್ಲಿ ಒಣಗುತ್ತೆ. ಸೀತೂರಿನಲ್ಲಿ ಜುಲೈನಲ್ಲಿ ಹರಡಿದ್ದು ಮೂರು ದಿನವಾದರೂ ತಣ್ಣಗೆ, ಮುಗ್ಗಲು ವಾಸನೆ. ಯಾಕೆ? ಗಾಳಿಯ ಹೊಟ್ಟೆ ಆಗಲೇ ತುಂಬಿದೆ, ಇನ್ನು ಆವಿ ಹಿಡಿಯೋಕೆ ಜಾಗವಿಲ್ಲ. ಆವಿಯಾಗೋಕೆ ಬಿಸಿಲು ಮಾತ್ರ ಸಾಲದು, ಗಾಳಿಯೂ ಒಣಗಿರಬೇಕು ಅನ್ನೋದು ಬಟ್ಟೆ ಮುಟ್ಟಿ ನೋಡಿದ ಮಗುವಿಗೆ ಮರೆಯೋದಿಲ್ಲ. ಅಮ್ಮ ಶಾಲೆಯ ಯೂನಿಫಾರ್ಮನ್ನು ಬಚ್ಚಲೊಲೆಯ ಹತ್ತಿರ ಹಗ್ಗ ಕಟ್ಟಿ ಒಣಗಿಸುವುದು ಇದೇ ವಿಜ್ಞಾನದಿಂದ.

ಎರಡನೇ ದಿನ ಮಧ್ಯಾಹ್ನ ಮಳೆ ಸ್ವಲ್ಪ ಹೊಳವಾಯಿತು, ಎಳೆ ಬಿಸಿಲೂ ಬಂತು. ಪೇರಲೆ ಗಿಡದ ಎಲೆ ತುಂಬಿದ ಒಂದು ರೆಂಬೆಗೆ ಪ್ಲಾಸ್ಟಿಕ್ ಕವರ್ ಹಾಕಿ ಬಿಗಿಯಾಗಿ ಕಟ್ಟಿದೆವು. ಸಂಜೆಗೆ ಕವರಿನೊಳಗೆ ಹನಿ ಕಟ್ಟಿತ್ತು. ಬೇರು ಕುಡಿದ ನೀರನ್ನು ಎಲೆ ಗಾಳಿಗೆ ಬಿಡುತ್ತೆ. ಕಾಡು ಮಳೆ ತರುತ್ತೆ ಅನ್ನುವ ಮಾತಿನ ಒಂದು ತುದಿ ಹೀಗೆ ಒಂದು ಕವರಿನೊಳಗೆ ಕಾಣುತ್ತೆ.

ಗಾಳಿಗೆ ಏರಿದ ನೀರು ಅಲ್ಲಿ ಹೆಚ್ಚು ದಿನ ಇರುವುದಿಲ್ಲ. ಸರಾಸರಿ ಒಂಬತ್ತು ದಿನ, ಆಮೇಲೆ ಮಳೆಯಾಗಿ ಕೆಳಗೆ. ಅದೇ ಸಮುದ್ರಕ್ಕೆ ಸೇರಿದ ನೀರು ಅಲ್ಲೇ ಸಾವಿರಾರು ವರ್ಷ ಉಳಿಯಬಹುದು. ಅಂದರೆ ಜಲಚಕ್ರ ಒಂದೇ ವೇಗದಲ್ಲಿ ತಿರುಗುವ ಚಕ್ರ ಅಲ್ಲ. ಕೆಲವು ಕಡೆ ಓಟ, ಕೆಲವು ಕಡೆ ತಪಸ್ಸು.

ಒಂದು ಮಿಲಿಮೀಟರ್ ಅಂದ್ರೆ ಎಷ್ಟು?

ನಮ್ಮ ಮೊಬೈಲಿಗೆ ದಿನಾ ಯೆಲ್ಲೋ, ಆರೆಂಜ್, ರೆಡ್ ಅಲರ್ಟ್ ಬರುತ್ತೆ. ಅದರ ಹಿಂದಿನ ಅಳತೆ ಎಷ್ಟು ಜನಕ್ಕೆ ಗೊತ್ತು? ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ, 204.5 ದಾಟಿದರೆ ಅತ್ಯಂತ ಭಾರಿ. ಅವರ ಮಳೆಯ ದಿನ ಶುರುವಾಗುವುದು ಬೆಳಿಗ್ಗೆ 8:30ಕ್ಕೆ.

ನಮ್ಮ ಮಳೆಮಾಪಕ ಒಂದು ನೆಟ್ಟನೆಯ ಸ್ಟೀಲ್ ಡಬ್ಬಿ, ಮೇಲಿಂದ ಕೆಳಗಿನವರೆಗೂ ಒಂದೇ ಅಗಲದ್ದು. ಮರ, ಸೂರು ಯಾವುದೂ ಅಡ್ಡ ಇಲ್ಲದ ಜಾಗದಲ್ಲಿ ಇಟ್ಟು, ಬೆಳಿಗ್ಗೆ 8:30ಕ್ಕೆ ಸ್ಕೇಲಿನಿಂದ ಅಳೆಯೋದು. ಮೂರು ದಿನದ ಲೆಕ್ಕ: 38, 71, 22. ಎರಡನೇ ದಿನ 71 ನೋಡಿ ಮಕ್ಕಳು “ಭಾರಿ ಮಳೆ!” ಅಂತ ಮನೆಯವರಿಗೆಲ್ಲ ಘೋಷಿಸಿದರು. ಕೊಟ್ಟಿಗೆಯಲ್ಲಿ ಹುಲ್ಲು ಹಾಕುತ್ತಿದ್ದ ಅಮ್ಮ ತಲೆಯೆತ್ತದೆ ಹೇಳಿದ್ದು: “ಇದೆಂತ ಭಾರಿ? ಇದಿನ್ನೂ ಪುಷ್ಯ. ಆಶ್ಲೇಷಾ ಮಳೆ ಈಸಲಾರದ ಹೊಳೆ ಅಂತಾರೆ. ಆಗ ಬಾ ನೋಡೋಕೆ.”

ಅಮ್ಮನ ಮಳೆಮಾಪಕ ಬೇರೆ. ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ. ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆ ಹೆಸರು ಬದಲಿಸುತ್ತೆ. ಯಾವ ಮಳೆಗೆ ಸಸಿ ನೆಡಬೇಕು, ಯಾವ ಮಳೆಯೊಳಗೆ ಅಡಿಕೆ ಕೊನೆಗೆ ಕೊಳೆ ಬಾರದ ಹಾಗೆ ಮೈಲುತುತ್ತ ಸುಣ್ಣದ ಔಷಧ ಹೊಡೆದು ಮುಗಿಸಬೇಕು ಅನ್ನೋದೆಲ್ಲ ಆ ಹೆಸರುಗಳಲ್ಲೇ ಲೆಕ್ಕ. ಮಕ್ಕಳು ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಮಾಡಿದರು: ಒಂದರಲ್ಲಿ ಮಿಲಿಮೀಟರ್, ಇನ್ನೊಂದರಲ್ಲಿ ಅಜ್ಜಿಯ ಮಳೆ.

ಈಗ ಗಣಿತ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. ಇದೊಂದು ಸೂತ್ರ ಗೊತ್ತಿದ್ದರೆ ಮಕ್ಕಳು ಯಾವ ಸೂರನ್ನೂ ಬಿಡುವುದಿಲ್ಲ. ನಮ್ಮ ಹೆಂಚಿನ ಮನೆಯ ಸೂರು ಸುಮಾರು 200 ಚದರ ಮೀಟರ್. ಮೂರು ದಿನಕ್ಕೆ 131 ಮಿ.ಮೀ. ಗುಣಿಸಿದರೆ 26,200 ಲೀಟರ್. ಆರು ಸಾವಿರ ಲೀಟರಿನ ನಾಲ್ಕು ಟ್ಯಾಂಕರ್‌ಗಿಂತ ಜಾಸ್ತಿ, ಬರೀ ಮೂರು ದಿನದಲ್ಲಿ, ಬರೀ ನಮ್ಮ ಸೂರಿನಿಂದ.

ಮಗಳು ಸುಮ್ಮನೆ ಕೂರಲಿಲ್ಲ. “ಬೆಂಗಳೂರಲ್ಲಿ?” ಬೆಂಗಳೂರಿನ ವರ್ಷದ ಸರಾಸರಿ ಮಳೆ 970 ಮಿ.ಮೀ. ಆಸುಪಾಸು. 30x40 ಸೈಟು ಅಂದರೆ ಸುಮಾರು 111 ಚದರ ಮೀಟರ್. ಒಂದು ಸೈಟಿನ ಮೇಲೆ ವರ್ಷಕ್ಕೆ ಒಂದು ಲಕ್ಷ ಲೀಟರಿಗೂ ಹೆಚ್ಚು ನೀರು, ಹದಿನೇಳು ಹದಿನೆಂಟು ಟ್ಯಾಂಕರ್. ಎಲ್ಲವನ್ನೂ ಹಿಡಿಯೋಕಾಗಲ್ಲ, ಒಪ್ಪೋಣ. ಆದರೆ ಬಹುಪಾಲು ಎಲ್ಲಿಗೆ ಹೋಗುತ್ತೆ? ಅಂಡರ್‌ಪಾಸಿಗೆ.

ನೆಲ ಎಷ್ಟು ಕುಡಿಯುತ್ತೆ?

ಮೂರನೇ ದಿನದ ಪ್ರಯೋಗ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಒಂದು ದೊಡ್ಡ ಬಾಟಲಿಯ ತಳ, ಕುತ್ತಿಗೆ ಎರಡನ್ನೂ ಕತ್ತರಿಸಿ ಕೊಳವೆ ಮಾಡಿ, ನೆಲಕ್ಕೆ ಎರಡು ಇಂಚು ಒತ್ತಿ ಕೂರಿಸೋದು. ಅದರೊಳಗೆ ಒಂದು ಲೀಟರ್ ನೀರು ಹಾಕಿ, ಇಂಗೋಕೆ ಎಷ್ಟು ಹೊತ್ತು ಬೇಕು ಅಂತ ಮೊಬೈಲಿನ ಸ್ಟಾಪ್‌ವಾಚ್‌ನಲ್ಲಿ ನೋಡೋದು. ಮೂರು ಜಾಗ: ಗುಡ್ಡದ ಮೇಲಿನ ಕಾನು, ಅಡಿಕೆ ತೋಟ, ಜೀಪು ಓಡಾಡುವ ಮಣ್ಣುದಾರಿ.

ಕಾನಿನಲ್ಲಿ ದರಗು ಸರಿಸಿ ಕೊಳವೆ ಕೂರಿಸಿದರೆ, ಅಷ್ಟು ಮಳೆ ಕುಡಿದ ನೆಲ ಕೂಡ ಆ ಒಂದು ಲೀಟರನ್ನು ಒಂದು ನಿಮಿಷದೊಳಗೆ ಎಳೆದುಕೊಂಡಿತು. ತೋಟದಲ್ಲಿ ಆರು ನಿಮಿಷ. ಮಣ್ಣುದಾರಿಯಲ್ಲಿ ಇಪ್ಪತ್ತು ನಿಮಿಷ ಕಾದರೂ ಅರ್ಧ ನೀರು ಹಾಗೇ ನಿಂತಿತ್ತು, ಮಕ್ಕಳಿಗೆ ಹಸಿವಾಗಿ ಕೈಬಿಟ್ಟೆವು.

ಕಾರಣ ನೋಡೋಕೂ ಸಿಗುತ್ತೆ. ಕಾನಿನ ಮಣ್ಣನ್ನು ಹಿಡಿ ತುಂಬ ತೆಗೆದರೆ ಬೇರಿನ ಎಳೆ, ಎರೆಹುಳದ ದಾರಿ, ಕೊಳೆತ ಎಲೆ. ಮಣ್ಣು ಸ್ಪಂಜಿನ ಹಾಗೆ ತೂತು ತೂತು. ದಾರಿಯ ಮಣ್ಣು ಟೈರಿನ ಭಾರಕ್ಕೆ ಗಟ್ಟಿಯಾಗಿ ಮುಚ್ಚಿಹೋಗಿದೆ. ಎರಡೂ ಕಡೆಯಿಂದ ಇಳಿದು ಬರುವ ನೀರಿನ ಬಣ್ಣವೂ ಬೇರೆ. ಕಾನಿನ ಒರತೆ ತಿಳಿ, ದಾರಿಯಿಂದ ಬಂದದ್ದು ಕೆಂಪು. ಕೆಂಪು ನೀರು ಅಂದರೆ ನಮ್ಮ ಮಣ್ಣು ಹೊಳೆಗೆ ಹೋಗುತ್ತಿದೆ ಅಂತ.

ಮಲೆನಾಡಿನಲ್ಲಿ ಮಳೆ ಜೋರಾದ ಮೇಲೆ ಧರೆಯಲ್ಲಿ, ಅಂಗಳದ ಅಂಚಿನಲ್ಲಿ, ಕೆಲವೊಮ್ಮೆ ಮನೆಯ ಒಳಗೂ ಜಲ ಏಳುತ್ತೆ. ಇಂಗಿದ ನೀರು ನೆಲದೊಳಗೆ ನಡೆದು ಬಂದು ಮತ್ತೆ ಮುಖ ತೋರಿಸೋದು. ಪುಸ್ತಕದ ಚಿತ್ರದಲ್ಲಿ ನದಿ ಬೆಟ್ಟದ ತುದಿಯಿಂದ ಇಳಿಯುತ್ತೆ. ನಿಜದಲ್ಲಿ ಮಳೆ ನಿಂತು ಮೂರು ತಿಂಗಳಾದ ಮೇಲೂ, ಜನವರಿಯಲ್ಲೂ ಹಳ್ಳ ಹರಿಯುತ್ತೆ ಅಂದರೆ ಅದು ಜುಲೈನಲ್ಲಿ ಇಂಗಿದ ನೀರು. ನೆಲ ಸಂಬಳವನ್ನು ಒಂದೇ ದಿನ ಖರ್ಚು ಮಾಡದೆ ತಿಂಗಳಾನುಗಟ್ಟಲೆ ಹಂಚುತ್ತೆ.

ಇದೇ ಹೊತ್ತಿಗೆ ಜಗತ್ತಿನ ನೀರಿನ ಲೆಕ್ಕವನ್ನೂ ಹೇಳಿದೆ. ಭೂಮಿಯ ನೀರೆಲ್ಲ ನೂರು ಲೋಟ ಅಂತ ಇಟ್ಟುಕೊಂಡರೆ 97ಕ್ಕೂ ಹೆಚ್ಚು ಲೋಟ ಉಪ್ಪು. ಉಳಿದ ಸಿಹಿನೀರಿನಲ್ಲಿ ಹೆಚ್ಚಿನ ಪಾಲು ಹಿಮ, ಒಂದು ಲೋಟಕ್ಕೂ ಕಡಿಮೆ ನೆಲದೊಳಗೆ. ನದಿ, ಸಿಹಿನೀರಿನ ಕೆರೆ ಸರೋವರ ಎಲ್ಲ ಸೇರಿ ಅರ್ಧ ಚಮಚವೂ ಇಲ್ಲ. ತುಂಗೆ, ಭದ್ರೆ, ಗಂಗೆ, ಕಾವೇರಿ ಎಲ್ಲ ಆ ಅರ್ಧ ಚಮಚದೊಳಗೆ.

ಮನುಷ್ಯ ಎಳೆದ ಬಾಣಗಳು

ಕೊನೆಗೆ ಮಗಳ ಪ್ರಶ್ನೆಗೆ ಬಂದೆವು. ಕ್ಯಾಲೆಂಡರಿನ ಹಿಂಬದಿಯ ನಕ್ಷೆಯಲ್ಲಿ ಈ ಸಲ ಕೆಂಪು ಪೆನ್ನಿನಿಂದ ಬಾಣ.

ಮೊದಲ ಬಾಣ ನಮ್ಮ ಪಕ್ಕದ್ದೇ. 1960ರ ದಶಕದಲ್ಲಿ ಮುಗಿದ ಭದ್ರಾ ಅಣೆಕಟ್ಟು 71.5 ಟಿಎಂಸಿ ನೀರು ಹಿಡಿಯುತ್ತೆ. ಒಂದು ಟಿಎಂಸಿ ಅಂದರೆ ಸುಮಾರು 2,830 ಕೋಟಿ ಲೀಟರ್. ನಮ್ಮ ಕಡೆ ಬಿದ್ದ ಮಳೆ ಕಾಲುವೆಯಲ್ಲಿ ಹೋಗಿ ದಾವಣಗೆರೆ ಕಡೆಯ ಭತ್ತವಾಗುತ್ತೆ. ಅದಕ್ಕಾಗಿ ಎನ್.ಆರ್.ಪುರ ಕಡೆಯ ಗದ್ದೆ, ಕಾಡು ಹಿನ್ನೀರಿನಡಿ ಹೋಗಿವೆ. ಎರಡನೆಯದು ಭದ್ರಾ ಮೇಲ್ದಂಡೆ ಯೋಜನೆ. ತುಂಗೆಯಿಂದ 17.4 ಟಿಎಂಸಿ ಎತ್ತಿ ಭದ್ರೆಗೆ ಹಾಕಿ, ಭದ್ರೆಯಿಂದ 29.9 ಟಿಎಂಸಿಯನ್ನು ಚಿತ್ರದುರ್ಗ, ತುಮಕೂರು ಕಡೆಯ ಒಣ ನೆಲಕ್ಕೆ ಒಯ್ಯುವ ಲೆಕ್ಕ. ಕೂಡ್ಲಿಗೂ ಮೊದಲೇ ಮನುಷ್ಯ ಎರಡು ಹೊಳೆ ಕೂಡಿಸುತ್ತಿದ್ದಾನೆ.

ಮೂರನೆಯದು ನಮ್ಮ ನಲ್ಲಿಯದು. ಕಾವೇರಿ ನೀರನ್ನು ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಆಸುಪಾಸು ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪು ಮಾಡಿ ಬೆಂಗಳೂರಿಗೆ ತರುತ್ತಾರೆ. ನಾವು ಬಳಸಿ ಬಿಟ್ಟ ನೀರಿನಲ್ಲಿ ಒಂದು ಪಾಲು ಶುದ್ಧೀಕರಣ ಆಗಿ, ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಕೊಡಗಿನ ಮಳೆ ಕೋಲಾರದ ಕೆರೆಯಲ್ಲಿ! ನಾಲ್ಕನೆಯದು ಟ್ಯಾಂಕರ್. ಬೆಂಗಳೂರಿನ ಅಂಚಿನ ಯಾವುದೋ ಹಳ್ಳಿಯ ಬೋರ್‌ವೆಲ್‌ನಿಂದ ನಮ್ಮ ಸಂಪಿಗೆ. ಆ ಬಾಣ ಬರೆದ ಮೇಲೆ ಮಗಳು ಒಂದು ಲಾರಿ ಬರೆದು, ಅದಕ್ಕೆ ಹಳದಿ ಬಣ್ಣ ಹಾಕಿದಳು.

ಬಾವಿಯ ಲೆಕ್ಕ

ಇಷ್ಟು ಮಳೆ ಬೀಳುವ ಊರಿನಲ್ಲೂ ನೀರಿನ ಚಿಂತೆ ಇದೆ ಅಂದರೆ ಹೊರಗಿನವರು ನಂಬುವುದಿಲ್ಲ. ನಮ್ಮ ಮನೆ ಬಾವಿ ನಾನು ಚಿಕ್ಕವಳಿದ್ದಾಗ ಮೇ ಕೊನೆಯವರೆಗೂ ಕೈಕೊಟ್ಟದ್ದಿಲ್ಲ. ಕಳೆದ ಎರಡು ಬೇಸಿಗೆ ಏಪ್ರಿಲ್ ಮಧ್ಯಕ್ಕೇ 32 ಅಡಿ ಕೆಳಗೆ ತಳದ ಕಲ್ಲು ಕಂಡಿದೆ. ಅಪ್ಪ ಬೋರ್‌ವೆಲ್ ಲಾರಿಯವರ ಹತ್ತಿರ ಮಾತಾಡಿ, ದೀಪಾವಳಿ ಕಳೆದ ಮೇಲೆ ಕೊರೆಸೋದು ಅಂತ ತೀರ್ಮಾನ ಮಾಡಿಕೊಂಡಿದ್ದರು. ಅಣ್ಣನಿಗೆ ಅದು ಇಷ್ಟವಿಲ್ಲ. ಪಕ್ಕದ ತೋಟದವರು ಎರಡು ಕೊರೆಸಿ ಒಂದರಲ್ಲಿ ಬರೀ ಧೂಳು ಕಂಡಿದ್ದಾರೆ. ಈ ವಿಷಯ ಊಟದ ಹೊತ್ತಿಗೆ ಬಂದರೆ ಅಪ್ಪ ಮಗ ಇಬ್ಬರೂ ತಟ್ಟೆ ನೋಡಿಕೊಂಡು ಉಣ್ಣುತ್ತಾರೆ.

ಮಕ್ಕಳ ನೋಟ್‌ಬುಕ್ ಈ ಮಾತಿಗೆ ಹೊಸ ದಾರಿ ತೆಗೆಯಿತು. ಬಾವಿಗೆ ಮೇಲುಗಡೆ ಏನೇನು ಬದಲಾಗಿದೆ ಅಂತ ಅಪ್ಪನೇ ಎಣಿಸಿದರು. ಮೊದಲು ಬಾವಿಯ ಮೇಲಿನ ಮಟ್ಟದಲ್ಲಿ ಆರು ಗದ್ದೆ ಇತ್ತು. ಗದ್ದೆ ಅಂದರೆ ಬದು ಕಟ್ಟಿ ತಿಂಗಳುಗಟ್ಟಲೆ ನೀರು ನಿಲ್ಲಿಸುವ ಜಾಗ. ಈಗ ಅದರಲ್ಲಿ ನಾಲ್ಕು ಅಡಿಕೆ ತೋಟ. ಅಡಿಕೆಯ ಬುಡದಲ್ಲಿ ನೀರು ನಿಲ್ಲಬಾರದು, ಅದಕ್ಕೆ ಬಸಿಗಾಲುವೆ ತೆಗೆದು ನೀರನ್ನು ಬೇಗ ಹೊರಗೆ ಹಾಕುತ್ತೇವೆ. ಅಂಗಳಕ್ಕೆ ಕಾಂಕ್ರೀಟ್ ಬಿತ್ತು. ದಾರಿ ಅಗಲವಾಯಿತು. ಬೇಸಿಗೆಯಲ್ಲಿ ಹೊಸ ತೋಟಕ್ಕೂ ಸ್ಪ್ರಿಂಕ್ಲರ್. ಮಳೆ ಅಷ್ಟೇ ಬಂದರೂ ನಿಲ್ಲೋದು ಕಡಿಮೆ, ಎಳೆಯೋದು ಜಾಸ್ತಿ.

“ಹಂಗಾದ್ರೆ ಬಾವಿಗೆ ಮೇಲೆ ನೀರು ನಿಲ್ಲಿಸ್ಬೇಕು ಅಲ್ವಾ ಅಜ್ಜಾ?” ಅಣ್ಣನ ಮಗಳು ಕೇಳಿದಳು. ಅವಳು ಆ ನೆಲದಲ್ಲೇ ಬೆಳೆಯುವವಳು. ಬಾವಿ ಬತ್ತಿದರೆ ಕೊಡ ಹಿಡಿದು ಹೋಗಬೇಕಾದವಳೂ ಅವಳೇ.

ಅಪ್ಪ ಉತ್ತರ ಕೊಡಲಿಲ್ಲ. ಮಾರನೇ ದಿನ ಬೆಳಿಗ್ಗೆ ಕಂಬಳಿ ಕೊಪ್ಪೆ ಹಾಕಿಕೊಂಡು ಅಣ್ಣನ ಜೊತೆ ಗುಡ್ಡಕ್ಕೆ ಹೋದರು. ಬಾವಿಯ ಮೇಲುಗಡೆ, ಇಳಿಜಾರು ಕಡಿಮೆ ಇರುವ ಕಡೆ ಇಂಗುಗುಂಡಿಗೆ ಎಂಟು ಜಾಗ ಗುರುತು ಮಾಡಿ ಬಂದರು. ಎಲ್ಲಿ ಬೇಡ ಅನ್ನೋದೂ ಅಷ್ಟೇ ಮುಖ್ಯ. ಕಡಿದಾದ ಧರೆಯ ನೆತ್ತಿಯಲ್ಲಿ ಗುಂಡಿ ತೆಗೆದು ನೀರು ತುಂಬಿದರೆ ಧರೆಯೇ ಕೆಳಗೆ ಬರುತ್ತೆ. 2019ರ ಆಗಸ್ಟ್‌ನಲ್ಲಿ ನಮ್ಮ ಜಿಲ್ಲೆಯ ಮೂಡಿಗೆರೆ ಕಡೆ ಗುಡ್ಡ ಕುಸಿದು ಮನೆ ತೋಟ ಕಳೆದುಕೊಂಡವರನ್ನು ಕಂಡವರು ನಾವು. ನೀರು ಇಂಗಿಸೋದು ಒಳ್ಳೇದು ಅನ್ನುವ ಮಾತಿಗೆ ಜಾಗ ನೋಡಿ ಅನ್ನುವ ಮಾತೂ ಸೇರಬೇಕು. ಉಳಿದ ಎರಡು ಗದ್ದೆಯನ್ನು ತೋಟ ಮಾಡೋದು ಸದ್ಯಕ್ಕೆ ಬೇಡ ಅಂತ ಅಪ್ಪ ಒಪ್ಪಿದರು. ಬೋರ್‌ವೆಲ್ ಒಂದು ವರ್ಷ ಮುಂದೆ ಹೋಯಿತು. ರದ್ದಾಗಿಲ್ಲ.

ನೀವು ಹೋಗುವುದಾದರೆ

ಸೀತೂರೇ ಆಗಬೇಕಿಲ್ಲ. ಮಲೆನಾಡಿನಲ್ಲಿ ನೆಂಟರ ಮನೆ ಇದ್ದರೆ ಅಲ್ಲಿ, ಇಲ್ಲದಿದ್ದರೆ ಕೊಪ್ಪ, ಶೃಂಗೇರಿ, ಬಾಳೆಹೊನ್ನೂರು ಕಡೆಯ ಯಾವುದಾದರೂ ಹೋಂಸ್ಟೇ. ಜುಲೈ, ಆಗಸ್ಟ್ ಪಾಠಕ್ಕೆ ಒಳ್ಳೆಯ ಕಾಲ, ಆದರೆ ರೆಡ್ ಅಲರ್ಟ್ ಇದ್ದರೆ ಪ್ರಯಾಣ ಮುಂದೂಡಿ. ತುಂಬಿದ ಹಳ್ಳಕ್ಕೆ ಮಕ್ಕಳನ್ನು ಇಳಿಸಲೇಬೇಡಿ, ಮೇಲೆ ಎಲ್ಲೋ ಸುರಿದ ಮಳೆ ಇಲ್ಲಿ ಹೇಳದೆ ಬರುತ್ತೆ. ಕಾನಿಗೆ ಹೋಗುವ ಮೊದಲು ಕಾಲಿಗೆ ಉಪ್ಪು ಸುಣ್ಣ ಹಚ್ಚಿಕೊಳ್ಳಿ, ಉಂಬಳ ಯಾರನ್ನೂ ಬಿಡಲ್ಲ. ಕರೆಂಟು, ನೆಟ್‌ವರ್ಕ್ ಎರಡೂ ಹೋಗುತ್ತೆ, ಆಫೀಸಿಗೆ ಮೊದಲೇ ಹೇಳಿ ಹೊರಡಿ.

ಸಾಮಾನು ಹೆಚ್ಚು ಬೇಡ: ಒಂದು ನೆಟ್ಟನೆಯ ಡಬ್ಬಿ, ಒಂದು ಸ್ಕೇಲು, ತಳ ಕತ್ತರಿಸಿದ ಬಾಟಲಿ, ಒಂದು ಪ್ಲಾಸ್ಟಿಕ್ ಕವರ್, ನೋಟ್‌ಬುಕ್. ಬೆಂಗಳೂರಿನ ಟೆರೇಸಿನಲ್ಲೂ ಡಬ್ಬಿ ಇಡಬಹುದು. ನಿಮ್ಮ ಪಾರ್ಕಿನ ನೆಲ ಒಂದು ಲೀಟರ್ ಕುಡಿಯೋಕೆ ಎಷ್ಟು ನಿಮಿಷ ತೆಗೆದುಕೊಳ್ಳುತ್ತೆ ಅಂತಲೂ ನೋಡಬಹುದು.

ಹೊರಡುವ ದಿನ ಮಕ್ಕಳು ಬಾವಿಯ ಹಗ್ಗಕ್ಕೆ ಅಡಿಗೊಂದರಂತೆ 32 ಗಂಟು ಹಾಕಿ, ತುದಿಗೆ ಒಂದು ಕಲ್ಲು ಕಟ್ಟಿ ಇಟ್ಟಿದ್ದಾರೆ. ಅಂದು ಬಾವಿಕಟ್ಟೆಯಿಂದ ನೀರಿಗೆ ನಾಲ್ಕೇ ಗಂಟು. ಆಗಿನಿಂದ ಪ್ರತಿ ಭಾನುವಾರ ಅಣ್ಣನ ಮಗಳು ಗಂಟೆಣಿಸಿ ಮನೆಯ ಗ್ರೂಪಿಗೆ ಹಾಕುತ್ತಾಳೆ, ಇಲ್ಲಿ ಇಬ್ಬರು ಗ್ರಾಫ್ ಎಳೆಯುತ್ತಾರೆ. ಆಶ್ಲೇಷದಲ್ಲಿ ಎರಡು ಗಂಟು, ಹಸ್ತಾ ಮಳೆಗೆ ಐದು. ಎಂಟು ಗುಂಡಿ ಏನು ಮಾಡಿವೆ ಅಂತ ಈಗಲೇ ಯಾರೂ ಹೇಳೋಕಾಗಲ್ಲ. ಅಪ್ಪನ ಪ್ರಕಾರ ಒಂದು ಮಳೆಗಾಲಕ್ಕೆ ನೆಲ ಉತ್ತರ ಕೊಡಲ್ಲ. ಏಪ್ರಿಲ್ ಮಧ್ಯದಲ್ಲಿ ಹಗ್ಗ ಎಷ್ಟು ಗಂಟಿಗೆ ಒದ್ದೆಯಾಗುತ್ತೆ ಅನ್ನೋದನ್ನ ನಮ್ಮ ಮನೆಯವರೆಲ್ಲ ಕಾಯ್ತಿದ್ದೇವೆ.